ಕೊನೇ ರ‍್ಯಾಕಿನ ಕರ್ವಾಲೊ

ನಮ್ಮ ಲೈಬ್ರರಿಯಲ್ಲಿ ಕನ್ನಡ ಪುಸ್ತಕಗಳಿರೋದು ಕೊನೇ ರ‍್ಯಾಕಿನಲ್ಲಿ, ಹಳೇ ಪ್ರಾಜೆಕ್ಟ್ ರಿಪೋರ್ಟುಗಳ ಪಕ್ಕ. ಮೂರನೇ ಸೆಮ್‌ನಲ್ಲಿ ಒಂದು ದಿನ ಫ್ಯಾನ್ ಗಾಳಿಗೆ ಅಂತ ಅಲ್ಲಿ ಕೂತಿದ್ದ ನಾವು ನಾಲ್ಕು ಜನ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ತಗೊಂಡು ಬಂದೆವು. 1980ರ ಕಾದಂಬರಿ. ತೆಳ್ಳಗಿದೆ, ಎರಡು ದಿನದಲ್ಲಿ ಮುಗಿಯುತ್ತೆ ಅಂದ್ಕೊಂಡೆವು.

ಮುಗಿಯಲಿಲ್ಲ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು. ಮನೇಲಿ ಮಾತಾಡೋದು ಕನ್ನಡವೇ, ಆದರೆ ಒಂದು ಪುಟ ಓದೋಕೆ ಹತ್ತು ನಿಮಿಷ ಬೇಕು. ಒತ್ತಕ್ಷರ ಬಂದರೆ ಬ್ರೇಕ್. ನಾಚಿಕೆಯಿಂದ ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ರಾತ್ರಿ ಊಟ ಆದಮೇಲೆ ಸರದಿ ಪ್ರಕಾರ ಗಟ್ಟಿಯಾಗಿ ಓದೋದು ಅಂತ ಮಾಡ್ಕೊಂಡೆವು. ಒಬ್ಬರು ತಡವರಿಸಿದರೆ ಇನ್ನೊಬ್ಬರು ಎತ್ತಿಕೊಡೋದು.

ಜೇನಿನ ಮಂದಣ್ಣ ಬಂದಮೇಲೆ ಓದಿನ ವೇಗ ತಾನಾಗೇ ಹೆಚ್ಚಾಯ್ತು. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಅವರಿಗೆ ಮಾತ್ರ ಹುಟ್ಟು ನ್ಯಾಚುರಲಿಸ್ಟ್. ಇಂಟರ್ನಲ್ಸ್‌ನಲ್ಲಿ ಮುಗ್ಗರಿಸಿ ಬಂದಿದ್ದ ನಮಗೆ ಅದು ಎಲ್ಲೋ ತಾಗಿತು. ಹಾರುವ ಓತಿ ಹುಡುಕಿಕೊಂಡು ಎಲ್ಲರೂ ಕಾಡಿಗೆ ಹೊರಟ ರಾತ್ರಿ ಲೈಟ್ ಆರಿಸೋಕೆ ಯಾರಿಗೂ ಮನಸ್ಸು ಬರಲಿಲ್ಲ. ಓತಿ ಸಿಕ್ತಾ? ನಾವು ಹೇಳಲ್ಲ, ಓದಿ.

ಎರಡು ಸಲ ರಿನ್ಯೂ ಮಾಡಿಸಿ ವಾಪಸ್ ಕೊಡುವಾಗ ಹಿಂದಿನ ಚೀಟಿ ನೋಡಿದೆವು. ನಮಗಿಂತ ಮುಂಚಿನ ಸೀಲು ಎಷ್ಟೋ ವರ್ಷ ಹಳೆಯದು. ಅದರ ಕೆಳಗೆ ಈಗ ಸಾಲಾಗಿ ನಮ್ಮ ಮೂರು ಸೀಲು. ಯಾಕೋ ಖುಷಿಯಾಯ್ತು.

ಸದ್ಯ ರೂಮಲ್ಲಿ 'ಚಿದಂಬರ ರಹಸ್ಯ' ನಡೀತಿದೆ. ಕೇಳೋಕೆ, ಓದೋಕೆ ಯಾರು ಬೇಕಾದರೂ ಬನ್ನಿ. ಒತ್ತಕ್ಷರ ತಪ್ಪಿದರೆ ನಗೋ ಹಾಗಿಲ್ಲ, ಅಷ್ಟೇ.