ನಕ್ಷೆಯ ನೆರಳು

ಗುಮಾಸ್ತನಿಗೂ ನಕ್ಷೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಎಂಜಿನಿಯರರು ನಕ್ಷೆ ಬರೆಸುತ್ತಾರೆ. ಕೆಲವು ವರ್ಷಗಳಾದ ಮೇಲೆ ಅದೆಲ್ಲಿದೆಯೆಂದು ಹುಡುಕುವವನು ಗುಮಾಸ್ತ. ಪುಣೆಯ ನಮ್ಮ ಕಚೇರಿಯಲ್ಲಿ ಆ ಹುಡುಕಾಟವೇ ನನ್ನ ಉದ್ಯೋಗ. ಬಿ.ಎ.ಗೆ ಓದಿದ ಇತಿಹಾಸ ಇಲ್ಲಿ ಉಪಯೋಗಕ್ಕೆ ಬಂದದ್ದು ಇಷ್ಟೆ: ಹಳೆಯ ಕಡತ ಕಂಡರೆ ನನಗೆ ಭಯವಿಲ್ಲ.

ಈಗಿನ ನಕ್ಷೆಗಳು ಎರಡು ರೂಪದಲ್ಲಿ ಬರುತ್ತವೆ. ಒಂದು ಆಟೋಕ್ಯಾಡಿನ ಮೂಲ ಫೈಲು. ಅದರಲ್ಲಿ ಮನೆ ತನ್ನ ನಿಜವಾದ ಅಳತೆಯಲ್ಲಿಯೇ ಇರುತ್ತದೆ. ಗೋಡೆ ಮೂರು ಮೀಟರೆಂದರೆ ಕಂಪ್ಯೂಟರಿಗೂ ಅದು ಮೂರು ಮೀಟರೇ. ಇನ್ನೊಂದು ಪಿ.ಡಿ.ಎಫ್. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಈ ರೂಪ ಮಹೋಪಕಾರಿ: ಯಾರ ಯಂತ್ರದಲ್ಲಿ ತೆರೆದರೂ ಹಾಳೆ ಒಂದೇ ತೆರನಾಗಿ ಕಾಣುತ್ತದೆ. ಆದರೆ ಸಾಮಾನ್ಯವಾಗಿ ಅದಕ್ಕೆ ಗೊತ್ತಿರುವುದು ಹಾಳೆಯ ಅಳತೆ, ಮನೆಯದಲ್ಲ.

ನಕ್ಷೆಯನ್ನು ಪಿ.ಡಿ.ಎಫ್. ಮಾಡಿ ಕಳುಹಿಸುವುದು ಸುಲಭ. ಅದರಿಂದ ಮತ್ತೆ ನಕ್ಷೆ ಮಾಡುವುದೆಂದರೆ ಬೆಂದ ರೊಟ್ಟಿಯನ್ನು ಹಿಟ್ಟು ಮಾಡಿದಂತೆ. ಆಟೋಕ್ಯಾಡಿನ 2017ರ ಆವೃತ್ತಿಯಲ್ಲಿ ಪಿ.ಡಿ.ಎಫ್. ಇಂಪೋರ್ಟ್ ಮಾಡುವ ಅನುಕೂಲ ಬಂದಿತು, ನಿಜ. ಗೆರೆಗಳು ಗೆರೆಗಳಾಗಿಯೇ ಬರುತ್ತವೆ. ಅಕ್ಷರಗಳು ಮಾತ್ರ ಕೆಲವೊಮ್ಮೆ ಸಣ್ಣ ಗೆರೆಗಳ ರಾಶಿಯಾಗಿಬಿಡುತ್ತವೆ. ಕಾಗದವನ್ನು ಸ್ಕ್ಯಾನ್ ಮಾಡಿದ ಪಿ.ಡಿ.ಎಫ್. ಆದರೆ ಗೆರೆಯೂ ಇಲ್ಲ; ಸಿಗುವುದು ಬರಿಯ ಚಿತ್ರ.

ಇದು ಡ್ರಾಫ್ಟ್ಸ್‌ಮನ್ನರ ತಲೆನೋವು, ನಮಗೇನು ಎನ್ನುವಂತಿಲ್ಲ. ಕಳೆದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಸರ್ಕಾರಿ ವಸತಿಯಲ್ಲಿರುವ ಜವಾನರೊಬ್ಬರು ಅರ್ಜಿ ಕೊಟ್ಟಿದ್ದರು. ಅವರ ತಾಯಿ ಗಾಲಿಕುರ್ಚಿಯಲ್ಲಿರುವವರು. ಮೆಟ್ಟಿಲ ಬದಿಗೆ ಒಂದು ಇಳಿಜಾರು ಬೇಕು. ಮನೆಯ ನೆಲ ಅಂಗಳಕ್ಕಿಂತ 45 ಸೆಂಟಿಮೀಟರ್ ಎತ್ತರ. ಹನ್ನೆರಡಕ್ಕೆ ಒಂದರಂತೆ ಇಳಿಸಿದರೆ 5.4 ಮೀಟರ್ ಉದ್ದ ಬೇಕು. ಕೆಳಗೆ ಕುರ್ಚಿ ತಿರುಗಲು 1.5. ಒಟ್ಟು 6.9 ಮೀಟರ್. ಮೂಲ ಫೈಲು ಯಾರ ಬಳಿಯಲ್ಲಿಯೂ ಇರಲಿಲ್ಲ. ಪಿ.ಡಿ.ಎಫ್. ಅನ್ನು ಇಂಪೋರ್ಟ್ ಮಾಡಿ, ಮೂಲೆಯಲ್ಲಿ ಬರೆದಿದ್ದ 1:100 ಎಂಬ ಸ್ಕೇಲನ್ನು ನಂಬಿ ಅಳೆದಾಗ ಅಂಗಳ 6.77 ಮೀಟರ್ ಬಂದಿತು. ‘ಸ್ಥಳಾವಕಾಶವಿಲ್ಲ’ ಎಂಬ ಟಿಪ್ಪಣಿ ಟೈಪಿಗೆಂದು ನನ್ನ ಮೇಜಿಗೆ ಬಂದಿತು. 13 ಸೆಂಟಿಮೀಟರಿನ ಕೊರತೆಗಾಗಿ ಆ ತಾಯಿ ಮಗನ ತೋಳಿನ ಮೇಲೆಯೇ ಇಳಿದು ಹತ್ತಬೇಕು!

ಜೊತೆಯಲ್ಲಿದ್ದ ಹಾಳೆಯನ್ನು ನೋಡಿದೆ. ಅಂಗಳದ ಗೆರೆಯ ಪಕ್ಕದಲ್ಲಿ 7.20 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಡ್ರಾಫ್ಟ್ಸ್‌ಮನ್ ಸಾಹೇಬರಿಗೆ ತೋರಿಸಿದೆ. ಅವರು ನಕ್ಕರು, ಗುಟ್ಟು ತಿಳಿದಿತ್ತು. ಹಿಂದೆ ಎಕ್ಸ್‌ಪೋರ್ಟ್ ಮಾಡಿದವರು ನಕ್ಷೆ ಹಾಳೆಯೊಳಗೆ ಹಿಡಿಯಲೆಂದು ‘ಫಿಟ್ ಟು ಪೇಪರ್’ ಒತ್ತಿದ್ದರು. ಗೆರೆಗಳು ನೂರಕ್ಕೆ 94ರಷ್ಟಾಗಿ ಕುಗ್ಗಿದವು. 1:100 ಎಂಬ ಬರಹ ಕುಗ್ಗಿಯೂ 1:100 ಆಗಿಯೇ ಉಳಿಯಿತು. ಸಾಹೇಬರು ಒಂದು ಗೋಡೆಯನ್ನು ಆರಿಸಿ, ಅದರ ನಿಜವಾದ ಉದ್ದ ಇಷ್ಟೆಂದು ಯಂತ್ರಕ್ಕೆ ತಿಳಿಸಿದರು. ಉಳಿದುದೆಲ್ಲ ಅದಕ್ಕೆ ತಕ್ಕಂತೆ ಹಿಗ್ಗಿತು. ಅಷ್ಟಕ್ಕೂ ಸುಮ್ಮನಾಗದೆ ಮರುದಿನ ಟೇಪು ಹಿಡಿದು ಹೋಗಿ ಅಂಗಳವನ್ನೇ ಅಳೆದು ಬಂದರು. 7.20 ಸರಿಯಾಗಿತ್ತು. ಇಳಿಜಾರು ಮಂಜೂರಾಯಿತು.

ನಮ್ಮ ಬಳಗದಲ್ಲಿ ಇಲ್ಲಿಯೋ ಊರಿನಲ್ಲಿಯೋ ಮನೆ ಕಟ್ಟಿಸುವವರು ಇದ್ದೇ ಇರುತ್ತಾರೆ. ಅವರಿಗೆ ನನ್ನ ವಿನಂತಿ ಇಷ್ಟೆ: ಪಿ.ಡಿ.ಎಫ್. ಜೊತೆಗೆ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಹಾಳೆಯ ಮೇಲೆ ಒಂದು ಅಳತೆಪಟ್ಟಿಯನ್ನೂ ಬರೆಸಿರಿ. ನಕ್ಷೆ ಕುಗ್ಗಿದರೆ ಪಟ್ಟಿಯೂ ಜೊತೆಯಲ್ಲಿ ಕುಗ್ಗಿ ನಿಜ ಹೇಳುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಪಿ.ಡಿ.ಎಫ್.ಗೂ ಸಲ್ಲುವ ಮಾತಲ್ಲವೆ?