ಇದ್ದಿಲಿನ ಊರು, ವಜ್ರದ ಬೀದಿ

ಶಿವಮೊಗ್ಗ–ಭದ್ರಾವತಿ ಹೆದ್ದಾರಿಯ ನಡುವೆ ನಮ್ಮ ಮಾಚೇನಹಳ್ಳಿ ಇದೆ. ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಶಿಮುಲ್ ಹಾಲಿನ ಡೇರಿ, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರು – ಇಷ್ಟು ಹೇಳಿದರೆ ಊರಿನ ಗುರುತು ಸಿಕ್ಕೀತು. ಒಂದು ಬಸ್ಸು ಹತ್ತಿದರೆ ಭದ್ರಾವತಿ, ಎದುರು ಬದಿಯ ಬಸ್ಸು ಹತ್ತಿದರೆ ಶಿವಮೊಗ್ಗ. ಮೊಮ್ಮಗನ ನಿಶ್ಚಿತಾರ್ಥಕ್ಕೆ ವಜ್ರದುಂಗುರ ಆರಿಸಬೇಕಾಗಿ ಬಂದಾಗ, ವಜ್ರದ ಪಾಠ ಅರ್ಧ ಆ ಕಡೆ, ಅರ್ಧ ಈ ಕಡೆ ಇದೆಯಲ್ಲ ಅನ್ನಿಸಿತು.

ಮೊದಲು ಭದ್ರಾವತಿಯ ಕಡೆ ಹೋಗೋಣ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರಲ್ಲಿ ಕೆಲಸ ಶುರು ಮಾಡಿತು. ಅದಿರು ಕೆಮ್ಮಣ್ಣುಗುಂಡಿಯದು. ಅದನ್ನು ಕರಗಿಸಲು ಆಗ ಬಳಸುತ್ತಿದ್ದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಮಕ್ಕಳೇ, ಈ ಇದ್ದಿಲಿನಲ್ಲಿ ಇರುವುದು ಬಹುಪಾಲು ಇಂಗಾಲ. ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇಂಗಾಲವೇ. ವಜ್ರವೂ ಇಂಗಾಲವೇ! ಅಣುಗಳು ಜೋಡಿಸಿಕೊಂಡ ರೀತಿ ಮಾತ್ರ ಬೇರೆ. ಕಡ್ಡಿಯ ಇಂಗಾಲ ಪದರು ಪದರಾಗಿ ಜಾರಿ ಕಾಗದಕ್ಕೆ ಅಂಟುತ್ತದೆ. ವಜ್ರದ ಇಂಗಾಲ ನಾಲ್ಕೂ ಕಡೆ ಕೈ ಹಿಡಿದುಕೊಂಡು ಬಿಗಿಯಾಗಿ ನಿಂತಿರುತ್ತದೆ.

ಗಣಿಯ ವಜ್ರ ಭೂಮಿಯೊಳಗೆ ಸುಮಾರು 150 ಕಿಲೋಮೀಟರ್ ಅಥವಾ ಇನ್ನೂ ಆಳದಲ್ಲಿ, ವಿಪರೀತ ಕಾವು ಮತ್ತು ಒತ್ತಡದಲ್ಲಿ ಹುಟ್ಟಿದ್ದು. ಬಹುಪಾಲು ವಜ್ರಗಳ ವಯಸ್ಸು 100 ಕೋಟಿ ವರ್ಷಕ್ಕೂ ಹೆಚ್ಚು. ಜ್ವಾಲಾಮುಖಿಗಳು ಅವನ್ನು ಮೇಲೆ ತಂದು ಹಾಕಿದವು. ಹಂಪಿಯ ಬೀದಿಯಲ್ಲಿ ವಜ್ರ, ಮುತ್ತು, ಪಚ್ಚೆ ಮಾರುತ್ತಿದ್ದದ್ದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 500 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಈಗ ಅದೇ ಇಂಗಾಲವನ್ನು ಯಂತ್ರದೊಳಗಿಟ್ಟು, ಕೆಲವೇ ವಾರಗಳಲ್ಲಿ ವಜ್ರ ಬೆಳೆಸುತ್ತಾರೆ. ಇದಕ್ಕೆ ಲ್ಯಾಬ್ ವಜ್ರ ಎಂದು ಹೆಸರು. ಅದು ಗಾಜಲ್ಲ, ನಕಲಿ ಹರಳೂ ಅಲ್ಲ, ವಜ್ರವೇ. ಆದರೆ ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಬರಿಗಣ್ಣಿಗೆ ಎರಡೂ ಒಂದೇ.

ಇಲ್ಲೇ ನಮ್ಮ ಮನೆಯ ಸಮಸ್ಯೆ ಹುಟ್ಟಿತು. ಹುಡುಗನಿಗೆ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಉಳಿತಾಯ ಅಷ್ಟಕ್ಕಷ್ಟೆ. ಗಣಿಯದು ಬೇಕೆಂದರೆ ಸಾಲ ಮಾಡಬೇಕು. "ಲ್ಯಾಬಿನದೇ ತಗೊಳ್ಳೋಣ ಅಜ್ಜ, ಅವರ ಮನೆಯಲ್ಲಿ ಯಾರಿಗೆ ಗೊತ್ತಾಗುತ್ತೆ?" ಎಂದ.

"ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ತಾನೇ ಡೇರಿಯಲ್ಲಿ ದಿನವೂ ಪರೀಕ್ಷೆ ಮಾಡೋದು? ಮೊದಲು ಅಂಗಡಿಗೆ ಹೋಗೋಣ. ಆ ಹುಡುಗಿಯನ್ನೂ ಕರಿ" ಎಂದೆ.

ಮೂವರೂ ಶಿವಮೊಗ್ಗದ ಬಸ್ಸು ಹತ್ತಿ ಗಾಂಧಿ ಬಜಾರಿಗೆ ಹೋದೆವು. ಅಂಗಡಿಯ ದೀಪಗಳ ಕೆಳಗೆ ಎಲ್ಲ ಹರಳೂ ಝಗಝಗಿಸುತ್ತದೆ. ಅದಕ್ಕೇ ಬಾಗಿಲ ಬಳಿ, ಹಗಲು ಬೆಳಕಿನಲ್ಲಿ ನೋಡಬೇಕು. ಅಲ್ಲಿ ಗಮನಿಸಬೇಕಾದ್ದು ನಾಲ್ಕು: ಕತ್ತರಿಸಿದ ಅಂದ, ಬಣ್ಣ, ಶುದ್ಧತೆ, ತೂಕ. ಮೊದಲ ಮಣೆ ಕತ್ತರಿಸಿದ ಅಂದಕ್ಕೆ. ದುಂಡು ಹರಳಿಗೆ ಸಾಮಾನ್ಯವಾಗಿ 57 ಮುಖ. ಅವುಗಳ ಕೋನ ಸರಿಯಿದ್ದರೆ ಒಳಗೆ ಹೋದ ಬೆಳಕು ಪುಟಿದು ನಮ್ಮ ಕಣ್ಣಿಗೇ ಬರುತ್ತದೆ. ಇಲ್ಲದಿದ್ದರೆ ತಳದಿಂದ ಸೋರಿಹೋಗಿ ಹರಳು ಮಂಕಾಗುತ್ತದೆ. ಬಣ್ಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಳುತ್ತಾರೆ. 'ಡಿ' ಎಂದರೆ ಬಣ್ಣವೇ ಇಲ್ಲದ್ದು, 'ಝೆಡ್' ಕಡೆಗೆ ಹೋದಂತೆ ಹಳದಿ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ 'ಡಿ'ಯೇ ಬೇಕೆಂಬ ಹಟ ಬೇಡ. ಶುದ್ಧತೆಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅಳೆಯುತ್ತಾರೆ. ಬರಿಗಣ್ಣಿಗೆ ಕಾಣದ ಚುಕ್ಕೆಗೆ ಹೆದರಬೇಕಾಗಿಲ್ಲ.

ತೂಕದ ಲೆಕ್ಕ ಮಕ್ಕಳಿಗೆ. 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರಲ್ಲಿ 100 ಸೆಂಟ್. ಹಾಗಾದರೆ 30 ಸೆಂಟಿನ ಹರಳು ಎಷ್ಟು? 60 ಮಿಲಿಗ್ರಾಂ, ಅಂದರೆ ಮೂರು-ನಾಲ್ಕು ಅಕ್ಕಿಕಾಳಿನಷ್ಟು! ಚಿನ್ನದ ಕ್ಯಾರೆಟ್ ಬೇರೆ, ಅದು ತೂಕವಲ್ಲ, ಶುದ್ಧತೆ. ವಜ್ರದುಂಗುರಕ್ಕೆ ಹೆಚ್ಚಾಗಿ 18 ಕ್ಯಾರೆಟ್ ಚಿನ್ನ, ಅದರ ಮೇಲೆ 750 ಎಂಬ ಗುರುತು. ಆ ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ ಸಾಕ್ಷಿ. ಹರಳಿಗೆ ಪ್ರಯೋಗಾಲಯದ ಪ್ರಮಾಣಪತ್ರ ಬೇರೆಯೇ ಬೇಕು. ಗಣಿಯದೋ ಲ್ಯಾಬಿನದೋ ಎಂಬುದು ಅದರಲ್ಲಿರುತ್ತದೆ. ಎಷ್ಟೋ ಹರಳುಗಳ ಅಂಚಿನಲ್ಲಿ ಅದರ ಸಂಖ್ಯೆಯನ್ನೂ ಕೆತ್ತಿರುತ್ತಾರೆ. ಮಸೂರ ಕೇಳಿ ತಾಳೆ ನೋಡಿದೆವು.

ಬ್ಯಾಂಕಿನಲ್ಲಿ ಕಂಡದ್ದನ್ನೂ ಹುಡುಗರಿಗೆ ಹೇಳಿದೆ. ಅಡವಿಗೆ ಬಂದ ಒಡವೆಯನ್ನು ಆಚಾರ್ರು ಒರೆಗಲ್ಲಿಗೆ ಉಜ್ಜಿ, ತೂಗಿ, ಹರಳಿನ ತೂಕವನ್ನು ಕಳೆಯುತ್ತಿದ್ದರು. ಸಾಲ ಚಿನ್ನಕ್ಕೆ ಮಾತ್ರ, ಅಜ್ಜಿಯ ಕಾಲದ ಬೇಸರಿಯ ವಜ್ರಕ್ಕೂ ಒಂದು ಪೈಸೆ ಇಲ್ಲ. ಚಿನ್ನ ಕಷ್ಟಕ್ಕೆ ಆಗುತ್ತದೆ. ವಜ್ರ ಸಂತೋಷಕ್ಕೆ. ಸಂತೋಷಕ್ಕೆ ಸಾಲ ಮಾಡಿದರೆ ಕಂತು ಕಟ್ಟುವಾಗ ಆ ಸಂತೋಷ ಎಲ್ಲಿರುತ್ತದೆ?

ಹುಡುಗಿ ಎಲ್ಲ ಕೇಳಿಸಿಕೊಂಡು, "ಲ್ಯಾಬಿನದೇ ಇರಲಿ ಅಜ್ಜ. ಆದರೆ ಬಿಲ್ಲಿನಲ್ಲಿ ಇರೋದನ್ನೇ ನಮ್ಮ ಮನೆಯಲ್ಲೂ ಹೇಳಬೇಕು" ಎಂದಳು. ಮೊಮ್ಮಗ ತಲೆ ತಗ್ಗಿಸಿ "ಹೂಂ" ಎಂದ. 30 ಸೆಂಟಿನ ಲ್ಯಾಬ್ ವಜ್ರ, ಚಿನ್ನ, ಮಜೂರಿ ಎಲ್ಲ ಅವನ ಉಳಿತಾಯದಲ್ಲೇ ಮುಗಿಯಿತು.

ನಿಶ್ಚಿತಾರ್ಥದ ದಿನ ಹುಡುಗಿಯ ಅಜ್ಜಿ ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ವಜ್ರ ಎಲ್ಲರಿಗೂ ಆಗಿಬರಲ್ಲ, ಮೂರು ರಾತ್ರಿ ದಿಂಬಿನಡಿ ಇಟ್ಟು ನೋಡಿದ್ರೇನಪ್ಪಾ? ಯಾವ ಗಣಿದು?" ಎಂದು ಕೇಳಿದರು. ಮಾತುಕತೆ ಒಂದು ಕ್ಷಣ ನಿಂತಿತು.

"ಗಣಿದಲ್ಲ ಅಜ್ಜಿ, ಲ್ಯಾಬಿನದು. ನನ್ನ ಕೈಲಿ ಆಗಿದ್ದು ಇಷ್ಟು" ಎಂದ ಮೊಮ್ಮಗ.

ಅಜ್ಜಿ ಉಂಗುರವನ್ನು ಇನ್ನೊಮ್ಮೆ ತಿರುಗಿಸಿ ನೋಡಿ ಅವನ ಕೈಗೆ ಕೊಟ್ಟರು. "ಹಾಗಾದ್ರೆ ದಿಂಬಿನಡಿ ಇಡೋದು ಬೇಡ, ಹಾಕಪ್ಪ" ಎಂದರು.