ಕಂಕುಳ ಕೂಸಿಗೊಂದು ಚೀಲ

ಮಗುವನ್ನು ಹೊರುವ ವಿಷಯದಲ್ಲಿ ನಮ್ಮ ಗಡಿನಾಡಿನ ಕನ್ನಡಕ್ಕೆ ಮಾತಿನ ಬಡತನವಿಲ್ಲ. ಎದೆಗವಚಿಕೊಳ್ಳುತ್ತೇವೆ, ಕಂಕುಳಲ್ಲಿ ಎತ್ತಿಕೊಳ್ಳುತ್ತೇವೆ, ಹೆಗಲ ಮೇಲೆ ಕೂರಿಸಿಕೊಳ್ಳುತ್ತೇವೆ, ಬೆನ್ನಿಗೇರಿಸಿ ಕೂಸುಮರಿ ಆಡಿಸುತ್ತೇವೆ, ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿ ತೂಗುತ್ತೇವೆ. ಹೊಸೂರಿನ ನಮ್ಮ ಬೀದಿಯಲ್ಲಿ ಆ ಜೋಲಿಯನ್ನೇ ತಮಿಳು ಮನೆಯವರು ತೂಳಿ ಎನ್ನುತ್ತಾರೆ, ತೆಲುಗು ಮನೆಯವರು ಉಯ್ಯಾಲ ಎನ್ನುತ್ತಾರೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಳೆಂಬ ಗಾದೆಯಂತೂ ಕನ್ನಡ, ತೆಲುಗು ಎರಡರಲ್ಲಿಯೂ ಇದೆ. ಗಾದೆ ಮರೆವನ್ನು ಕುರಿತದ್ದು, ನಿಜ. ಆದರೆ ಸರಿಯಾಗಿ ಹೊತ್ತ ಕೂಸಿನ ಭಾರ ಹೊತ್ತವಳ ಅರಿವಿಗೇ ಬರುವುದಿಲ್ಲವೆಂಬ ಅನುಭವವೂ ಅದರಲ್ಲಿ ಅಡಗಿದೆ.

ಕಳೆದ ವರ್ಷ ನಮ್ಮ ಮನೆಯ ಮಾತಿಗೆ ಇನ್ನೊಂದು ಪದ ಸೇರಿತು: ಕ್ಯಾರಿಯರ್. ನನ್ನ ತಲೆಮಾರಿನವರಿಗೆ ಕ್ಯಾರಿಯರ್ ಎಂದರೆ ಊಟದ ಡಬ್ಬಿ. ತಪ್ಪಿದರೆ ಸೈಕಲ್ಲಿನ ಹಿಂಬದಿ. ಬಾಣಂತನಕ್ಕೆ ಮನೆಯಲ್ಲಿದ್ದ ಮಗಳು, "ಅಮ್ಮಾ, ಬೆಂಗಳೂರಿನಿಂದ ಚಿಕ್ಕಮ್ಮ ಕ್ಯಾರಿಯರ್ ಕಳುಹಿಸಿದ್ದಾರೆ" ಎಂದಾಗ ನಾನು ಅಡುಗೆಮನೆಯ ಕಡೆಗೆ ನೋಡಿದೆನೆಂದು ಇಂದಿಗೂ ಮನೆಯವರು ನಗುತ್ತಾರೆ. ಪೆಟ್ಟಿಗೆಯಲ್ಲಿದ್ದುದು ದಪ್ಪ ಬಟ್ಟೆಯ ಒಂದು ಚೀಲ: ಮಗುವಿನ ಬೆನ್ನಿಗೂ ಪೃಷ್ಠಕ್ಕೂ ಆಸರೆಯಾಗುವ ಅಗಲವಾದ ಬಟ್ಟೆಯ ಭಾಗ, ಮೆತ್ತೆಯಿಟ್ಟು ಹೊಲಿದ ಎರಡು ಹೆಗಲಪಟ್ಟಿ, ಅಂಗೈಯಗಲದ ಸೊಂಟಪಟ್ಟಿ, ಕಟಕ್ಕೆಂದು ಸೇರುವ ಬಕಲುಗಳು.

ವಸ್ತು ಹೊಸದು, ವಿದ್ಯೆ ಹಳೆಯದು. ಚೀನಾ, ಕೊರಿಯಾ, ಜಪಾನಿನ ತಾಯಂದಿರು ತಲೆತಲಾಂತರದಿಂದ ಪಟ್ಟಿ ಹೊಲಿದ ಬಟ್ಟೆಯಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡವರು. ಇಂದಿನ ಚೀಲವು ಗಂಟಿನ ಜಾಗದಲ್ಲಿ ಬಕಲು ಬಂದ ಅದರದೇ ಸಂತತಿ. ಅಮೆರಿಕದ ಆನ್ ಮೂರ್ ಎಂಬ ದಾದಿ 1960ರ ದಶಕದಲ್ಲಿ ಆಫ್ರಿಕಾದ ಟೋಗೋ ದೇಶದಲ್ಲಿ ಸೇವೆಗಿದ್ದಾಗ, ಅಲ್ಲಿನ ತಾಯಂದಿರು ಬೆನ್ನಿನ ಮೇಲೆ ಕೂಸನ್ನು ಕಟ್ಟಿಕೊಂಡು ನೆಮ್ಮದಿಯಾಗಿ ತಿರುಗುವುದನ್ನು ಕಂಡರು. ಊರಿಗೆ ಹಿಂದಿರುಗಿದ ಮೇಲೆ ತಮ್ಮ ತಾಯಿಯ ಕೈಯಲ್ಲಿ ಹೊಲಿಸಿಕೊಂಡ ಚೀಲವೇ ಮುಂದೆ ಸ್ನಗ್ಲಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದಕ್ಕೆ 1969ರಲ್ಲಿ ಪೇಟೆಂಟ್ ದೊರೆಯಿತು.

ನಮ್ಮ ಮನೆಯಲ್ಲಿ ಆ ಪೆಟ್ಟಿಗೆಯನ್ನು ಒಡನೆಯೇ ಬಳಸುವಂತಿರಲಿಲ್ಲ. ಮೊಮ್ಮಗಳು ಆರು ವಾರ ಮೊದಲೇ ಹುಟ್ಟಿದವಳು. ತೂಕ ಎರಡು ಕಿಲೋಗೆ ನೂರು ಗ್ರಾಂ ಕಡಿಮೆ. ಆಸ್ಪತ್ರೆಯಲ್ಲಿ ದಾದಿಯರು ಕೂಸಿಗೆ ಟೊಪ್ಪಿಗೆಯನ್ನೂ ಲಂಗೋಟಿಯನ್ನೂ ಮಾತ್ರ ಉಳಿಸಿ, ಮಗಳ ಬರಿಯೆದೆಯ ಮೇಲೆ ನೆಟ್ಟಗೆ ಇರಿಸಿ, ಮೇಲೊಂದು ಬಟ್ಟೆ ಬಿಗಿದರು. ಮಗಳು ಬಳಲಿದಾಗ ಅಳಿಯಂದಿರ ಎದೆಯ ಮೇಲೆ ಇರಿಸಿದರು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ ಡಾಕ್ಟರ್ ಎಡ್ಗರ್ ರೇ ಅವರು ಆರಂಭಿಸಿದ ಪದ್ಧತಿಯಿದು. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1ರಿಂದ 1.8 ಕಿಲೋ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟುದರಿಂದ ಸಾವು ಕಾಲುಭಾಗದಷ್ಟು ಇಳಿಯಿತು. ಹೊರುವುದು ಮುದ್ದಿನ ಮಾತು ಮಾತ್ರವಲ್ಲ, ಜೀವದ ಮಾತೂ ಹೌದೆಂಬುದನ್ನು ಆ ಹದಿನೈದು ದಿನಗಳು ನಮ್ಮ ಕಣ್ಣೆದುರಿಗೇ ತೋರಿಸಿದವು.

ಆದರೆ ಆಸ್ಪತ್ರೆಯ ಬಟ್ಟೆಯ ಕಟ್ಟೇ ಬೇರೆ, ಬಕಲಿನ ಚೀಲವೇ ಬೇರೆ. ಪೆಟ್ಟಿಗೆಯ ಮೇಲೆ ನಗುವ ಎಳೆಗೂಸಿನ ಚಿತ್ರವಿತ್ತು. ಒಳಗಿನ ಚೀಟಿಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ, ಮಗು ಕನಿಷ್ಠ 3.5 ಕಿಲೋ ತೂಗಬೇಕೆಂದು ಬರೆದಿತ್ತು. ಚಿತ್ರವನ್ನು ನಂಬದೆ ಚೀಟಿಯನ್ನು ನಂಬಿದೆವು. ಅವಧಿಗೆ ಮೊದಲು ಹುಟ್ಟಿದ ಕೂಸಿಗೆ ತೂಕ ಕೂಡಿದರೂ ಸಾಲದು, ವೈದ್ಯರ ಒಪ್ಪಿಗೆಯೂ ಬೇಕು. ಮೂರು ತಿಂಗಳು ಆ ಪೆಟ್ಟಿಗೆ ಬೀರುವಿನ ಮೇಲೆಯೇ ಇತ್ತು. ಕೂಸು ನಾಲ್ಕು ಕಿಲೋ ದಾಟಿ, ವೈದ್ಯರು ಆಗಬಹುದೆಂದ ಮೇಲೆಯೇ ಇಳಿಸಿದೆವು. ಆ ಬಿಡುವಿನಲ್ಲಿ ಕೇಳಿ, ಓದಿ, ಕಟ್ಟಿ ನೋಡಿ ತಿಳಿದುಕೊಂಡುದನ್ನು, ಇಂತಹುದೇ ಪೆಟ್ಟಿಗೆಯನ್ನು ಕೊಳ್ಳಲಿರುವ ಮನೆಗಳವರಿಗೆ ಹೇಳಬೇಕೆನಿಸಿದೆ. ಚೀಲದ ಹೆಸರನ್ನೂ ಬೆಲೆಯನ್ನೂ ನೋಡುವ ಮೊದಲು ಮೂರನ್ನು ನೋಡಬೇಕು: ಮಗುವಿನ ಉಸಿರು, ಮಗುವಿನ ತೊಡೆ, ಹೊರುವವರ ಸೊಂಟ.

ಮೊದಲನೆಯದು ಉಸಿರು. ಎಳೆಗೂಸಿನ ತಲೆ ಭಾರ, ಕತ್ತು ದುರ್ಬಲ. ಗದ್ದ ಎದೆಗೆ ತಗುಲಿ ಕತ್ತು ಮಡಚಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಆಗ ಕೂಸಿಗೆ ಅಳುವ ಶಕ್ತಿಯೂ ಇರುವುದಿಲ್ಲ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗವು 2010ರ ಮಾರ್ಚಿಯಲ್ಲಿ ಜೋಳಿಗೆಯಂತಹ ಚೀಲಗಳ ಬಗೆಗೆ ಎಚ್ಚರಿಕೆ ಕೊಟ್ಟಾಗ, ಹಿಂದಿನ 20 ವರ್ಷಗಳಲ್ಲಿ 14 ಸಾವುಗಳು ಅದರ ಗಮನಕ್ಕೆ ಬಂದಿದ್ದವು. ಅವುಗಳಲ್ಲಿ 12 ಕೂಸುಗಳು ನಾಲ್ಕು ತಿಂಗಳೊಳಗಿನವು. ನೆಟ್ಟಗೆ ಕೂರಿಸುವ ಚೀಲದಲ್ಲಿ ಕೂಸು ಬಾಗಿ ಮುದುಡುವುದು ಕಡಿಮೆ. ಆದರೂ ಪಟ್ಟಿ ಸಡಿಲವಾದರೆ ಅದರಲ್ಲಿಯೂ ಕುಸಿಯುತ್ತದೆ. ಕಟ್ಟಿಕೊಂಡವರು ತಲೆ ಬಗ್ಗಿಸಿದರೆ ಕೂಸಿನ ನೆತ್ತಿಗೆ ಮುತ್ತಿಡುವಂತಿರಬೇಕು, ಮೂಗು ಬಾಯಿ ಸದಾ ಕಾಣುತ್ತಿರಬೇಕು, ಗದ್ದದ ಕೆಳಗೆ ಎರಡು ಬೆರಳಿನಷ್ಟು ಎಡೆಯಿರಬೇಕು. ಬಿಸಿಲು, ಧೂಳು, ದೃಷ್ಟಿ ಎಂದು ಸೆರಗು ಹೊದಿಸಿ ಮುಖ ಮುಚ್ಚುವ ಅಭ್ಯಾಸ ನಮ್ಮಲ್ಲಿದೆ. ಚೀಲದಲ್ಲಿರುವ ಕೂಸಿಗೆ ಅದು ಕೂಡದು. ಬಿಸಿಲಿದ್ದರೆ ಕೊಡೆ ಹಿಡಿಯೋಣ.

ಎರಡನೆಯದು ತೊಡೆ. ಹುಟ್ಟಿದ ಕೂಸಿನ ಸೊಂಟದ ಕೀಲಿನ ಬಟ್ಟಲು ಬಹುಮಟ್ಟಿಗೆ ಮೃದ್ವಸ್ಥಿ. ತೊಡೆಯೆಲುಬಿನ ಗುಂಡು ಆ ಬಟ್ಟಲಿನಲ್ಲಿ ಭದ್ರವಾಗಿ ಕೂರಬೇಕಾದರೆ ಕಾಲುಗಳು ಅಗಲಿ, ಮಂಡಿಗಳು ಪೃಷ್ಠಕ್ಕಿಂತ ತುಸು ಮೇಲಿರಬೇಕು. ಕಪ್ಪೆ ಕುಳಿತಂತೆ ಎನ್ನಿ. ನಮ್ಮ ಹೆಂಗಸರ ಸೊಂಟದ ಮೇಲೆ ಕುಳಿತ ಮಗುವಿನ ಕಾಲುಗಳು ಇರುವುದೂ ಹಾಗೆಯೇ. ಜಪಾನಿನಲ್ಲಿ 1975ರ ಸುಮಾರಿಗೆ, ಎಳೆಗೂಸಿನ ಕಾಲುಗಳನ್ನು ನೀಳವಾಗಿ ಚಾಚಿ ಬಿಗಿಯಬಾರದೆಂಬ ಪ್ರಚಾರ ನಡೆದ ತರುವಾಯ ಸೊಂಟದ ಕೀಲು ತಪ್ಪುವ ಪ್ರಕರಣಗಳು ಬಹಳವಾಗಿ ಇಳಿದವು. ಎಣ್ಣೆನೀರು ಹಾಕಿದ ಮೇಲೆ ಕಾಲುಗಳನ್ನು ಜೋಡಿಸಿ ಬಿಗಿಯಾಗಿ ಸುತ್ತುವ ನಮ್ಮ ಅಜ್ಜಿಯಂದಿರೂ ಇದನ್ನು ಗಮನಿಸಬೇಕು. ಚೀಲದ ಕೂರುವ ಭಾಗ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಆಸರೆ ಕೊಡಬೇಕು. ತೊಡೆಯ ನಡುವೆ ಕಿರಿದಾದ ಪಟ್ಟಿಯಿದ್ದು ಕಾಲುಗಳು ಜೋತಾಡುವ ಚೀಲವನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಲೇಸು. ಮಗು ಬೆಳೆದಂತೆ ತೊಡೆಯೂ ಉದ್ದವಾಗುವುದರಿಂದ, ಅಗಲವನ್ನು ಹೆಚ್ಚಿಸಬಹುದಾದ ಚೀಲವೇ ಒಳ್ಳೆಯದು. ನಡೆದಾಡುವ ಮಕ್ಕಳಿಗೆಂದು ದೊಡ್ಡ ಅಳತೆಯವೂ ದೊರೆಯುತ್ತವೆ. ಹೊರಗಡೆಗೆ ಮುಖಮಾಡಿ ಕೂರಿಸುವುದು ಕತ್ತು ನಿಂತ ಮೇಲೆ, ಅದೂ ಸ್ವಲ್ಪ ಹೊತ್ತು ಮಾತ್ರ. ಬೆನ್ನಿಗೆ ಹಾಕುವುದು ಮಗು ತಾನಾಗಿ ಕುಳಿತುಕೊಳ್ಳುವಂತಾದ ಮೇಲೆ.

ಮೂರನೆಯದು ಹೊರುವವರ ಸೊಂಟ. ಚೀಲದ ಭಾರವನ್ನು ಹೊರಬೇಕಾದುದು ಹೆಗಲಲ್ಲ, ಸೊಂಟದ ಎಲುಬು. ಮೊದಲು ಸೊಂಟಪಟ್ಟಿಯನ್ನು ಆ ಎಲುಬಿನ ಮೇಲೆ ಬಿಗಿದು, ಅನಂತರ ಹೆಗಲಪಟ್ಟಿಯನ್ನು ಸರಿಪಡಿಸಬೇಕು. ಸಿಸೇರಿಯನ್ ಆದವರು ಪಟ್ಟಿ ಗಾಯಕ್ಕೆ ಒತ್ತದಂತೆ ಕಟ್ಟಬೇಕು. ಯಾವಾಗಿನಿಂದ ಹೊರಬಹುದೆಂದು ತಮ್ಮ ವೈದ್ಯರನ್ನೇ ಕೇಳಬೇಕು. ಇಲ್ಲಿ ನಮ್ಮ ಮನೆಯ ಕಷ್ಟ ಬೇರೆಯಾಗಿತ್ತು. ಮಗಳು ಕಾರ್ಖಾನೆಯಲ್ಲಿ ದುಡಿಯುವವಳು. 26 ವಾರಗಳ ಹೆರಿಗೆ ರಜೆ ಮುಗಿದೊಡನೆ ಪಾಳಿಗೆ ಹೋಗಬೇಕು. ಹಗಲೆಲ್ಲ ಕೂಸು ನನ್ನ ಕೈಯಲ್ಲಿ. ನನಗೋ ಹಳೆಯ ಸೊಂಟನೋವು. ಒಂದೇ ಮಗ್ಗುಲಿಗೆ ಅರ್ಧ ಗಂಟೆ ಎತ್ತಿಕೊಂಡರೆ ರಾತ್ರಿ ನಿದ್ದೆಯಿಲ್ಲ. ಒಂದೇ ಚೀಲ ಸಣಕಲು ಮಗಳಿಗೂ, ಆರಡಿಯ ಅಳಿಯಂದಿರಿಗೂ, ಸೀರೆಯುಟ್ಟ ನನಗೂ ಒಗ್ಗಬೇಕಾಗಿತ್ತು. ಮೂವರೂ ಕನ್ನಡಿಯೆದುರು ಮೂರು ಕಿಲೋ ಅಕ್ಕಿಯ ಚೀಲವನ್ನಿಟ್ಟು ಕಟ್ಟಿ ನೋಡಿದೆವು. ಸೀರೆಯವರಿಗೆ ಕೆಲವು ಮಾತು: ಜಾರುವ ರೇಷ್ಮೆಗಿಂತ ಹತ್ತಿ ಸೀರೆ ಮೇಲು, ಸೆರಗನ್ನು ಸುತ್ತಿ ಸಿಕ್ಕಿಸಿದ ಮೇಲೆ ಪಟ್ಟಿ ಕಟ್ಟಬೇಕು, ಸೆರಗಿನ ಪಿನ್ನನ್ನು ಮರೆಯದೆ ತೆಗೆದಿಡಬೇಕು.

ಈ ಮೂರೂ ಸರಿಯಾದ ಮೇಲೆ ಬಟ್ಟೆಯ ವಿಚಾರ. ಹೊಸೂರು, ತಳಿ ಸುಮಾರು 900 ಮೀಟರ್ ಎತ್ತರದ ತಂಪು ನೆಲ. ಘಟ್ಟವಿಳಿದು ಕೃಷ್ಣಗಿರಿಗೆ ಹೋದರೆ ಸೆಕೆಯೇ ಬೇರೆ. ಕೆಳಗಿನವರಿಗೆ ತೆಳು ಹತ್ತಿ ಅಥವಾ ಗಾಳಿಯಾಡುವ ಬಲೆಯ ಬಟ್ಟೆ ಬೇಕು. ಚೀಲವೇ ಒಂದು ಉಡುಪೆಂದು ಎಣಿಸಿ ಕೂಸಿಗೆ ಒಂದು ಬಟ್ಟೆ ಕಡಿಮೆ ತೊಡಿಸಬೇಕು. ಕೈಬದಲಾದ ಚೀಲವಾದರೆ ಪಟ್ಟಿ ಸೇರುವ ಜಾಗದ ಹೊಲಿಗೆ ಬಿಚ್ಚಿದೆಯೇ, ಬಕಲಿನ ಹಲ್ಲು ಸೀಳಿದೆಯೇ ನೋಡಬೇಕು. ಸೀಳಿದ ಬಕಲಿಗೆ ದಾರ ಕಟ್ಟಿ ಕಾಲ ತಳ್ಳುವುದು ಸಲ್ಲದು.

ಮನೆಯಲ್ಲಿ ಒಂದೇ ಒಂದು ಸಲ ಮಾತು ಬೆಳೆಯಿತು. ಹೊಸೂರು ಎರಡು ಚಕ್ರದ ಊರು. ಟಿವಿಎಸ್ ಮೊಪೆಡ್ಡು 1980ರಲ್ಲಿ ಹೊರಟದ್ದೇ ಇಲ್ಲಿಂದ. ಬಾಗಲೂರಿನ ನೆಂಟರ ಮನೆಗೆ ಕೂಸನ್ನು ಚೀಲದಲ್ಲಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋಗಿಬರುತ್ತೇವೆಂದು ಅಳಿಯಂದಿರು ಹೊರಟರು. ನಾನು ಬೇಡವೆಂದೆ. "ಅತ್ತೆ, ಎರಡು ಕೈಯಲ್ಲಿ ಹಿಡಿದುಕೊಳ್ಳುವುದಕ್ಕಿಂತ ಇದು ಭದ್ರವಲ್ಲವೇ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚೀಲವನ್ನು ಹೊಲಿದಿರುವುದು ನಡೆಯುವ ಕಾಲಿಗೆ, ಓಡುವ ಚಕ್ರಕ್ಕಲ್ಲ. ವಾಹನ ಉರುಳಿದರೆ ಹೊತ್ತವರ ಮೈಭಾರವೆಲ್ಲ ಕೂಸಿನ ಮೇಲೆ ಬೀಳುತ್ತದೆ. ಕೇಂದ್ರ ಸರ್ಕಾರವು 2022ರ ಫೆಬ್ರವರಿಯಲ್ಲಿ ಪ್ರಕಟಿಸಿದ ನಿಯಮದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯಲು ಸವಾರರಿಗೆ ಜೋಡಿಸುವ ಸುರಕ್ಷಾ ಪಟ್ಟಿ, ಮಗುವಿಗೆ ಹೆಲ್ಮೆಟ್ ಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಆ ಪಟ್ಟಿಯೇ ಬೇರೆ, ಈ ಚೀಲವೇ ಬೇರೆ. "ಒಂಬತ್ತು ತಿಂಗಳೊಳಗಿನವರ ಮಾತು ಅದರಲ್ಲಿಲ್ಲವಲ್ಲ" ಎಂದರು ಅಳಿಯಂದಿರು. ಹೆಲ್ಮೆಟ್ಟನ್ನೇ ಹೊರಲಾರದ ಕತ್ತು ಅದು, ನಿಯಮ ಬಾಯಿ ಬಿಡದಿದ್ದರೆ ನಾವೇ ಯೋಚಿಸಬೇಕಲ್ಲವೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸ್ಕೂಟರಿನ ಬೀಗದಕೈಯನ್ನು ಮೊಳೆಗೆ ತೂಗುಹಾಕಿದರು. ಮೂವರೂ ಬಸ್ಸಿನಲ್ಲಿ ಹೋಗಿಬಂದರು. ಕಾರಿನಲ್ಲಿಯೂ ಇಷ್ಟೇ: ಅಲ್ಲಿ ಮಗುವಿಗೆ ಅದರದೇ ಆಸನ ಬೇಕು. ಒಲೆಯ ಮುಂದೆ ನಿಲ್ಲುವಾಗ, ಬಿಸಿ ಕಾಫಿ ಕುಡಿಯುವಾಗ ಕೂಸನ್ನು ಇಳಿಸಲೇಬೇಕು.

ಹೊತ್ತರೆ ಮಗುವಿಗೆ ಚಟವಾಗುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ಕೆನಡಾದ ವೈದ್ಯರಿಬ್ಬರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರನೆಯ ವಾರದಲ್ಲಿ ಶೇಕಡಾ 43ರಷ್ಟು ಕಡಿಮೆ ಅತ್ತಿದ್ದವು. ಹೊಟ್ಟೆನೋವಿನ ಅಳುವಿಗೆ ಮಾತ್ರ ಇದು ಮದ್ದಲ್ಲವೆಂದು ಅನಂತರದ ಅಧ್ಯಯನ ಹೇಳಿತು. ಜಪಾನಿನ ವಿಜ್ಞಾನಿಗಳು 2022ರಲ್ಲಿ ಹೇಳಿದ ಉಪಾಯವೂ ಉಂಟು: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತಿದ್ದು, ಬಳಿಕ ಮಲಗಿಸಿರಿ. ನಮ್ಮ ಹಜಾರದಲ್ಲಿ ಇದು ಅನೇಕ ಮಧ್ಯಾಹ್ನ ಫಲಿಸಿದೆ.

ಚೀಲದಿಂದ ನಮ್ಮ ಮನೆಗಾದ ಲಾಭವೊಂದನ್ನು ಯಾವ ಚೀಟಿಯೂ ಬರೆದಿರಲಿಲ್ಲ. ನಮ್ಮ ಕಾಲದಲ್ಲಿ ಗಂಡಸು ಬೀದಿಯಲ್ಲಿ ಕೂಸನ್ನು ಎತ್ತಿಕೊಂಡರೆ ಮನೆಯ ಹೆಂಗಸಿಗೆ ಮೈ ಸರಿಯಿಲ್ಲವೆಂದು ಅರ್ಥ. ಅಳಿಯಂದಿರು ಕೂಸನ್ನು ಎದೆಗೆ ಕಟ್ಟಿಕೊಂಡು ಚಂದ್ರಚೂಡೇಶ್ವರನ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿದ ದಿನ ತಿರುಗಿ ನೋಡಿದವರು ಹಲವರು. ಅವರು ಮಾತ್ರ ಯಾರನ್ನೂ ನೋಡಲಿಲ್ಲ. ಕೂಸಿನ ಮೂಗನ್ನೇ ನೋಡುತ್ತ ಹತ್ತಿದರು. ಮಗಳು ಬರಿಗೈಯಲ್ಲಿ, ತನ್ನ ಗತಿಯಲ್ಲಿ, ಹಿಂದೆ ಹಿಂದೆ ಬಂದಳು. ಹೆರಿಗೆಯಾದ ಮೇಲೆ ಅವಳು ಏನನ್ನೂ ಹೊರದೆ ನಡೆದುದನ್ನು ನಾನು ಅಂದೇ ಮೊದಲು ಕಂಡದ್ದು.

ಈಗ ಮೊಮ್ಮಗಳಿಗೆ ನೆಲದ ರುಚಿ ಹತ್ತಿದೆ. ಕಟ್ಟಿಕೊಂಡರೆ ಕಾಲು ಝಾಡಿಸಿ ಇಳಿಸೆನ್ನುತ್ತಾಳೆ, ನಾವೂ ಇಳಿಸುತ್ತೇವೆ. ಮೂರನೆಯ ಮನೆಯ ತಮಿಳು ಸೊಸೆಗೆ ಎಂಟು ತಿಂಗಳು. ಚೀಲವನ್ನು ತನಗೆ ಕೊಡುವಿರಾ ಎಂದು ಮೊನ್ನೆ ಕೇಳಿದಳು. ಅಗತ್ಯವಾಗಿ ಕೊಡುತ್ತೇನೆ ಎಂದಿದ್ದೇನೆ. ಒಗೆದು, ಹೊಲಿಗೆ ನೋಡಿ, ಚೀಟಿಯ ಸಮೇತ ಮಡಿಸಿಟ್ಟಿದ್ದೇನೆ. ಆದರೆ ಕೂಸು ಹುಟ್ಟಿ, ತೂಕ ತುಂಬಿ, ವೈದ್ಯರು ಒಪ್ಪಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬರಬೇಕು; ನನ್ನ ಕನ್ನಡಿಯೆದುರು ಇಬ್ಬರೂ ಒಮ್ಮೆ ಕಟ್ಟಿ ತೋರಿಸಿ ಆಮೇಲೆ ಒಯ್ಯಬೇಕು ಎಂದು ಹೇಳಿಟ್ಟಿದ್ದೇನೆ.